ವಿಷಾದಕ್ಕ ಮನಸ್ಸಿಟ್ಟು ಬರೆದ ಸಾಲು

ಆಕೆಗೆ ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು. ಆದರೆ ಲಾಂಡ್ರಿಯಲ್ಲಿ ಆ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ, ಎಲ್ಲರ ಬಾಯಲ್ಲೂ ಆಕೆ ವಿಷಾದಕ್ಕ. ಲಾಂಡ್ರಿಯೆಂದರೆ ಬೀದಿ ಮೂಲೆಯ ಇಸ್ತ್ರಿ ಅಂಗಡಿಯಲ್ಲ. ಆಸ್ಪತ್ರೆಗಳ, ಹೋಟೆಲುಗಳ ಹಾಸಿಗೆ ಬಟ್ಟೆಯನ್ನು ಲಾರಿಗಟ್ಟಲೆ ತಂದು ಒಗೆದು ಕಳಿಸುವ ದೊಡ್ಡ ಕಂಪನಿ. ಅಲ್ಲಿ ದುಡಿಯುವವರೂ ಬಿಟ್ಟು ಹೋದವರೂ ಇಂಟರ್‌ನೆಟ್ಟಿನಲ್ಲಿ ಹೆಸರು ಹಾಕದೆ ಕಂಪನಿಯ ಬಗ್ಗೆ ರಿವ್ಯೂ ಬರೆಯುತ್ತಿದ್ದರು. ಹೆಚ್ಚಿನದೆಲ್ಲ ಬೈಗುಳವೇ. ಅದಕ್ಕೆ ಕಂಪನಿಯ ಪರವಾಗಿ ಉತ್ತರ ಬರೆಯುವುದು ಆಕೆಯ ಕೆಲಸ, ಪ್ರತಿ ಉತ್ತರವೂ ‘ನಿಮಗಾದ ಅನುಭವಕ್ಕೆ ವಿಷಾದಿಸುತ್ತೇವೆ’ ಎಂದೇ ಶುರುವಾಗುತ್ತಿತ್ತು. ಅಡ್ಡಹೆಸರು ಅಂಟಿಕೊಳ್ಳಲು ಅಷ್ಟು ಸಾಕಾಯಿತು.

ಮನೆಗೆ ಹೋದರೂ ಇದರಿಂದ ಬಿಡುಗಡೆಯಿಲ್ಲ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಮಾತಿಗೆ ಬರಗಾಲವಿಲ್ಲದ ಮನುಷ್ಯ. ಚಹಾಕ್ಕೆ ಸಕ್ಕರೆ ಕಡಿಮೆಯಾದರೆ, “ಏನೇ, ಇದಕ್ಕೂ ವಿಷಾದಿಸ್ತೀಯೋ, ಇಲ್ಲಾ ಸಕ್ಕರೆ ತರ್ತೀಯೋ?” ಎಂದು ಲೋಟ ಮುಂದೆ ಚಾಚುತ್ತಿದ್ದ. ತಿಪ್ಪೆ ಸಾರಿಸುವುದಕ್ಕೂ ಸಂಬಳ ಕೊಡುತ್ತಾರೆಂಬುದು ಹೆಂಡತಿಯಿಂದಲೇ ತಿಳಿದದ್ದೆಂದು ನೆಂಟರೆದುರು ಹೇಳಿ ನಗಿಸುತ್ತಿದ್ದ. ಆಕೆಯೂ ನಗುತ್ತಿದ್ದಳು. ಸುಳ್ಳೇನಲ್ಲವಲ್ಲ.

ಮೊದಲು ಆಕೆಯೂ ಕೆಳಗೆ ಬಟ್ಟೆ ಮಡಿಸುವ ಮೇಜಿನ ಬಳಿ ನಿಲ್ಲುತ್ತಿದ್ದವಳೇ. ದೊಡ್ಡ ಹಾಸುಬಟ್ಟೆಯನ್ನು ಒಬ್ಬರಿಂದ ಮಡಿಸಲು ಆಗುವುದಿಲ್ಲ. ಆಚೆ ತುದಿಗೊಬ್ಬಳು, ಈಚೆ ತುದಿಗೊಬ್ಬಳು. ಜಗ್ಗಿ ಸುಕ್ಕು ಬಿಡಿಸಬೇಕು, ಹತ್ತಿರ ಬಂದು ಮೂಲೆಗೆ ಮೂಲೆ ಸೇರಿಸಬೇಕು, ಮತ್ತೆ ಹಿಂದೆ ಸರಿಯಬೇಕು. ಹೀಗೆ ವರ್ಷಗಟ್ಟಲೆ ಮಡಿಸಿದವರು ಒಬ್ಬರನ್ನೊಬ್ಬರು ‘ನಮ್ಮ ಎದುರಿನವಳು’ ಎನ್ನುವುದು ಅಲ್ಲಿಯ ರೂಢಿ. ವಿಷಾದಕ್ಕನಿಗೂ ಒಬ್ಬ ಎದುರಿನವಳಿದ್ದಳು. ಕಷ್ಟ ಹೇಳಿಕೊಳ್ಳುವಾಗೆಲ್ಲ ಕೊನೆಗೆ “ಅದೂ ಹೋಗಲಿ ಅನ್ನು” ಎಂದು ಸೇರಿಸಿ ಇನ್ನೊಂದು ಕಷ್ಟಕ್ಕೆ ಹಾರುವವಳು. ಹಬೆಯ ಗದ್ದಲದಲ್ಲಿ ಇಬ್ಬರೂ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದರು.

ಬರವಣಿಗೆ ಚೆನ್ನಾಗಿದೆಯೆಂದು ಮ್ಯಾನೇಜರ್ ವಿಷಾದಕ್ಕನನ್ನು ಮೇಲಿನ ಗಾಜಿನ ಕೋಣೆಗೆ ಕರೆಸಿಕೊಂಡ ಮೇಲೆ ಆ ಮಾತುಗಳಿಗೆ ಕತ್ತರಿ ಬಿತ್ತು. ಜಗಳವೇನೂ ಆಗಲಿಲ್ಲ. ಮೇಲಿನವರಿಗೆ ಊಟದ ಹೊತ್ತು ಬೇರೆ, ಬಾಗಿಲು ಬೇರೆ, ಅಷ್ಟೇ. ಎದುರಿನವಳ ಮಗನಿಗೆ ಕಿಡ್ನಿ ಕಾಯಿಲೆಯಂತೆ, ಆಸ್ಪತ್ರೆಗೆ ಸೇರಿಸಿದ್ದಾರಂತೆ ಎಂಬುದು ಆಕೆಗೆ ಗೊತ್ತಾದದ್ದೂ ಯಾರದೋ ಬಾಯಿಂದ. ಒಂದು ಸಲ ಹೋಗಿ ನೋಡಿ ಬರಬೇಕು ಎಂದುಕೊಂಡಳು. ಈ ಭಾನುವಾರ ಆಗಲಿಲ್ಲ, ಮುಂದಿನ ಭಾನುವಾರ ಎನ್ನುತ್ತಲೇ ದಿನ ತಳ್ಳಿದಳು. ಆ ಮಗನ ಚಿಕಿತ್ಸೆ ನಡೆಯುತ್ತಿದ್ದುದು ಕಂಪನಿಯ ವಿಮೆಯ ಮೇಲೆ. ತಾಯಿಗೆ ಕೆಲಸ ಇರುವ ತನಕ ಮಾತ್ರ ಆ ವಿಮೆ.

ಒಂದು ವಿಷಯದಲ್ಲಿ ಮಾತ್ರ ವಿಷಾದಕ್ಕನನ್ನು ಮೆಚ್ಚಲೇಬೇಕು. ಕೆಳಗೆ ಅಷ್ಟು ಕಾಲ ಬದುಕಿದವಳಾದ್ದರಿಂದ ಹೆಸರಿಲ್ಲದ ರಿವ್ಯೂ ಓದಿದ ಕೂಡಲೇ ಇದು ಯಾರ ಮಾತಿನ ಧಾಟಿಯೆಂದು ಆಕೆಗೆ ತಿಳಿದುಹೋಗುತ್ತಿತ್ತು. ಪ್ರತಿ ಸಲವೂ ಮ್ಯಾನೇಜರ್ ಕುರ್ಚಿಯ ಹಿಂದೆ ಬಂದು ನಿಂತು, “ಯಾರಿದು? ಏನಾದ್ರೂ ಸುಳಿವು ಸಿಗ್ತಾ?” ಎಂದು ನಯವಾಗಿ ಕೇಳುತ್ತಿದ್ದ. ಪ್ರತಿ ಸಲವೂ ಆಕೆ, “ಗೊತ್ತಾಗ್ಲಿಲ್ಲ ಸಾರ್” ಎನ್ನುತ್ತಿದ್ದಳು. ಬಾಯಿ ಬಿಟ್ಟಿದ್ದರೆ ಎಷ್ಟು ಜನರ ಅನ್ನ ಹೋಗುತ್ತಿತ್ತೋ. ಆ ಕೆಲಸದಲ್ಲಿ ಆಕೆ ಎದೆ ತಟ್ಟಿಕೊಂಡು ಹೇಳಬಹುದಾದದ್ದು ಅದೊಂದೇ.

ಹೀಗಿರುವಾಗ ಒಂದು ಬೆಳಿಗ್ಗೆ ಹೊಸ ರಿವ್ಯೂ ಬಂತು. ಒಂದೇ ಸ್ಟಾರ್. ‘ಇಸ್ತ್ರಿ ಯಂತ್ರದ ಹತ್ತಿರ ಫ್ಯಾನ್ ಕೆಟ್ಟು ಯಾವ ಕಾಲವಾಯಿತೋ. ಅದೂ ಹೋಗಲಿ ಅನ್ನಿ. ಮನೆಯಲ್ಲಿ ಕಾಯಿಲೆ ಇದೆ ಎಂದು ರಜೆ ಕೇಳಿದರೆ ಕಳ್ಳರನ್ನು ನೋಡುವ ಹಾಗೆ ನೋಡುತ್ತಾರೆ. ಅದೂ ಹೋಗಲಿ ಅನ್ನಿ. ಮನುಷ್ಯರು ಅಂತ ಒಂದು ಮಾತು ವಿಚಾರಿಸಿದ್ದರೆ ಸಾಕಿತ್ತು.’ ವಿಷಾದಕ್ಕ ಗಾಜಿನಾಚೆ ಕೆಳಗೆ ನೋಡಿದಳು. ಎದುರಿನವಳು ಯಾರೋ ಹೊಸ ಹುಡುಗಿಯ ಜೊತೆ ಬಟ್ಟೆ ಮಡಿಸುತ್ತಿದ್ದಳು.

“ಯಾರಿದು?” ಎಂದ ಮ್ಯಾನೇಜರ್.

“ಗೊತ್ತಾಗ್ಲಿಲ್ಲ ಸಾರ್.”

“ಹೋಗ್ಲಿ ಬಿಡಿ. ಆದ್ರೆ ಉತ್ತರ ಸ್ವಲ್ಪ ಮನಸ್ಸಿಟ್ಟು ಬರೀರಿ. ಎಲ್ಲಾದಕ್ಕೂ ಒಂದೇ ರಾಗ ಹಾಡ್ತೀರಿ, ಓದಿದೋರು ಇದನ್ನ ಯಂತ್ರ ಬರೀತಿದೆ ಅಂತಿದ್ದಾರೆ.”

ಆಕೆಗೆ ಬೇಕಾಗಿದ್ದೂ ಅದೇ ಅಪ್ಪಣೆ. ಮನಸ್ಸಿಡುವುದು ಆ ಹೊತ್ತು ಕಷ್ಟವೇ ಆಗಲಿಲ್ಲ. ಫ್ಯಾನಿನ ಬಗ್ಗೆ ಬರೆದಳು, ರಜೆಯ ಬಗ್ಗೆ ಬರೆದಳು. ಕೊನೆಗೆ ಕೈ ತಾನೇ ಮುಂದಕ್ಕೆ ಹೋಯಿತು: ‘ನಿಮ್ಮ ಮಗ ಬೇಗ ಗುಣವಾಗಿ ಮನೆಗೆ ಬರಲಿ.’ ಓದಿಕೊಂಡಳು. ಕಣ್ಣು ತುಂಬಿ ಬಂತು. ಕಳಿಸಿಬಿಟ್ಟಳು. ಆಸ್ಪತ್ರೆಗೆ ಹೋಗಿ ನೋಡಿ ಬಂದಷ್ಟೇ ಹಗುರವಾಯಿತು ಆ ಪುಣ್ಯಾತ್ಗಿತ್ತಿಗೆ.

ಮಧ್ಯಾಹ್ನ ಮ್ಯಾನೇಜರ್ ನಗುನಗುತ್ತಾ ಬಂದ. ಅವನು ಹಾಗೆ ನಗುವುದು ಅಪರೂಪ.

“ರಿವ್ಯೂನಲ್ಲಿ ಬರೀ ಕಾಯಿಲೆ ಅಂತಿದೆ. ಮಗ ಎಲ್ಲಿಂದ ಬಂದ?”

ವಿಷಾದಕ್ಕ ರಿವ್ಯೂವನ್ನು ಮತ್ತೆ ಓದಿದಳು. ಮಗ ಇರಲಿಲ್ಲ. ಎಷ್ಟು ಸಲ ಓದಿದರೂ ಇರಲಿಲ್ಲ.

“ಕೆಳಗೆ ಮಗನಿಗೆ ಹುಷಾರಿಲ್ಲ ಅಂತ ರಜೆ ಕೇಳ್ತಿರೋಳು ಒಬ್ಬಳೇ,” ಎಂದ ಅವನು. “ಇಷ್ಟು ವರ್ಷ ಗೊತ್ತಿಲ್ಲ ಗೊತ್ತಿಲ್ಲ ಅಂತಿದ್ರಿ. ಬಾಯಲ್ಲಿ ಹೇಳೋಕೆ ಸಂಕೋಚ ಅಂತ ಉಪಾಯವಾಗಿ ತಿಳಿಸಿದ್ರಲ್ಲ, ಭೇಷ್.”

“ಇಲ್ಲ ಸಾರ್. ಅವಳಲ್ಲ. ನಾನು ಸುಮ್ಮನೆ, ಏನೋ ಬರೀಬೇಕಲ್ಲ ಅಂತ...”

“ಆಯ್ತು, ನೀವು ಹೇಳಿಲ್ಲ. ನಾನು ಕೇಳಿಲ್ಲ.” ಅವನು ಹೋಗಿಯೇಬಿಟ್ಟ.

ಆಕೆ ಆ ಸಾಲನ್ನು ಅಳಿಸಿದಳು. ಇನ್ನು ಅಳಿಸಿ ಏನು ಬಂತು? ಓಡಿಹೋಗಿ ಮ್ಯಾನೇಜರನ ಬಾಗಿಲಲ್ಲಿ ನಿಂತು ಅಂಗಲಾಚಿದಳು. ಆ ಹುಡುಗನ ಚಿಕಿತ್ಸೆ ನಿಂತುಹೋಗುತ್ತದೆ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ ಎಂದಳು. ಹಾಗೆಂದದ್ದೇ ಇನ್ನೊಂದು ಸಾಕ್ಷಿಯಾಯಿತು. ಅವನು ಫೋನೆತ್ತಿ ಮಾತಾಡುತ್ತಲೇ ಬಾಗಿಲು ಹಾಕಿಕೊಳ್ಳಿ ಎಂದು ಕೈ ಮಾಡಿದ.

ಸಂಜೆ ಶಿಫ್ಟ್ ಮುಗಿಯುವ ಹೊತ್ತಿಗೆ ಕೆಳಗಿಳಿದು ಹೋದಳು. ಹೊಸ ಹುಡುಗಿ ಆಗಲೇ ಹೊರಟಿದ್ದಳು. ಎದುರಿನವಳು ಒಬ್ಬಳೇ ಮೇಜಿನ ಮೇಲೊಂದು ಹಾಸುಬಟ್ಟೆ ಹರಡಿಕೊಂಡು ಮಡಿಸಲು ಒದ್ದಾಡುತ್ತಿದ್ದಳು. ಕೆಲಸದಿಂದ ತೆಗೆದ ಮೇಲೂ ಕೈಯಲ್ಲಿದ್ದದ್ದನ್ನು ಮುಗಿಸಿಯೇ ಹೋಗುವ ಜಾಯಮಾನ. ವಿಷಾದಕ್ಕ ಅಭ್ಯಾಸಬಲದಿಂದ ಈಚೆ ತುದಿ ಹಿಡಿದಳು. ಇಬ್ಬರೂ ಜಗ್ಗಿದರು. ಸುಕ್ಕು ಬಿಟ್ಟಿತು.

“ನಾನು ಬೇಕು ಅಂತ ಮಾಡಿದ್ದಲ್ಲ ಕಣೇ. ಮನಸ್ಸು ತಡೀಲಿಲ್ಲ, ಬರೆದುಬಿಟ್ಟೆ.”

“ಗೊತ್ತು,” ಎಂದಳು ಎದುರಿನವಳು. “ಮಗ ಗುಣವಾಗಲಿ ಅಂತ ಬರೆದಿದ್ದೆಯಂತೆ. ನಾನು ದಿನಾ ಈ ಮೆಟ್ಟಿಲ ಕೆಳಗೇ ಇರ್ತಿದ್ದೆ. ಬಾಯಲ್ಲಿ ಒಂದು ಸಲ ಕೇಳಿದ್ರೆ ಆಗ್ತಿರಲಿಲ್ವಾ?”

ವಿಷಾದಕ್ಕ ಮೂಲೆಗೆ ಮೂಲೆ ಸೇರಿಸಲು ಹತ್ತಿರ ಹೋದಳು. ಎದುರಿನವಳು ತನ್ನ ತುದಿಯನ್ನು ಮೇಜಿನ ಮೇಲಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.

ಆ ರಾತ್ರಿ ಗಂಡ ಏನೋ ತಮಾಷೆ ಮಾಡಹೋದ. ಹೆಂಡತಿಯ ಮುಖ ನೋಡಿ ಅರ್ಧಕ್ಕೇ ಬಿಟ್ಟು, ಏನಾಯಿತೆಂದು ವಿಚಾರಿಸಿದ. ಎಲ್ಲ ಕೇಳಿದ ಮೇಲೆ, “ಹೋಗಿ ಕೆಲಸ ಬಿಟ್ಟುಬಿಡೇ,” ಎಂದ. ಮರುಗಳಿಗೆಯೇ ಮನೆ ಬಾಡಿಗೆ ನೆನಪಾಗಿರಬೇಕು, ಆ ಮಾತನ್ನು ಅವನೂ ಮುಂದುವರಿಸಲಿಲ್ಲ. ಬೆಳಗಾಗೆದ್ದು ಆಕೆ ಎಂದಿನ ಬಸ್ಸು ಹತ್ತಿದಳು.

ಭಾನುವಾರ ಆಸ್ಪತ್ರೆಗೆ ಹೋದಳು. ಎದುರಿನವಳ ಮಗ ಇದ್ದ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಹುಡುಗನನ್ನು ಮನೆಗೆ ಕರೆದುಕೊಂಡು ಹೋದರು ಎಂದಳು ನರ್ಸು. ಗುಣವಾಯಿತೇ ಎಂದು ಕೇಳಿದ್ದಕ್ಕೆ, ಇಲ್ಲವೆಂದು ತಲೆಯಾಡಿಸಿ ಹಾಸಿಗೆಯ ಹೊದಿಕೆ ಸರಿಮಾಡಿದಳು. ಹೊದಿಕೆಯ ಅಂಚಿನಲ್ಲಿ ಲಾಂಡ್ರಿಯ ಗುರುತಿತ್ತು.

ಕೆಲವು ವಾರಗಳ ಮೇಲೆ ಮತ್ತೊಂದು ರಿವ್ಯೂ ಬಂತು. ಹೆಸರಿಲ್ಲ. ‘ಕೆಲಸ ಹೋಯಿತು, ಅದೂ ಹೋಗಲಿ ಅನ್ನಿ. ಮಗನೂ ಹೋದ. ಮೇಲೆ ಕೂತು ಉತ್ತರ ಬರೆಯುವವಳು ಒಂದು ಕಾಲಕ್ಕೆ ನನ್ನ ಎದುರಿನವಳು.’

ಮ್ಯಾನೇಜರ್ ಹಿಂದೆ ಬಂದು ನಿಂತ. ಯಾರೆಂದು ಈ ಸಲ ಕೇಳಲಿಲ್ಲ. “ಹೊಸದೇನೂ ಬೇಡ, ಹಳೇದೇ ಹಾಕಿ ಮುಗಿಸಿ,” ಎಂದು ಹೋದ.

ಆಕೆ ಬೇರೆ ಮಾತಿಗಾಗಿ ತಡಕಾಡಿದಳು. ಬರೆದಳು, ಅಳಿಸಿದಳು, ಮತ್ತೆ ಬರೆದಳು. ಆ ಸಂಕಟಕ್ಕೆ ಆಕೆಯ ಬಳಿ ಇದ್ದದ್ದು ಸಿಕ್ಕಸಿಕ್ಕವರಿಗೆಲ್ಲ ಕೊಟ್ಟು ಸವೆಸಿದ ಆ ಒಂದೇ ಮಾತು. ಕೊನೆಗೆ ಅದನ್ನೇ ಬರೆದಳು: ‘ನಿಮಗಾದ ಅನುಭವಕ್ಕೆ ವಿಷಾದಿಸುತ್ತೇವೆ.’

ಸ್ವಲ್ಪ ಹೊತ್ತಿಗೆ ಅದರ ಕೆಳಗೆ ಯಾರೋ ಒಂದು ನಗುವ ಮುಖ ಒತ್ತಿ ಹೋದರು.