ನಾಯಿ ಹಿಡೀರಿ

ಕುರಿ ಕೂಡಿಸಿದ ಹೊಲಕ್ಕೆ ಹೊರಗಿನವರು ಯಾರೇ ಬಂದರೂ ಬದುವಿನ ಮೇಲೆ ನಿಂತು ಮೊದಲು ಒಂದು ಮಾತು ಕೂಗಬೇಕು: “ನಾಯಿ ಹಿಡೀರಿ!” ನಮ್ಮವರು ಯಾರಾದರೂ ಎದ್ದು ನಾಯಿಯ ಕೊರಳಿಗೆ ಕೈ ಹಾಕಿದ ಮೇಲೆಯೇ ಅವರು ಹೆಜ್ಜೆ ಮುಂದಿಡಬೇಕು. ಹೊಲದ ಧಣಿಯೇ ಬಂದರೂ ಇದೇ ಕಟ್ಟಳೆ. ತನ್ನದೇ ಹೊಲದ ಬದುವಿನಲ್ಲಿ ತಲೆಗೆ ದೊಡ್ಡ ಪಟಕಾ ಸುತ್ತಿದ ಮನುಷ್ಯನೊಬ್ಬ ಧೋತರ ಎತ್ತಿ ಹಿಡಿದುಕೊಂಡು ಅಂಜುತ್ತ ನಿಂತಿರುವುದನ್ನು ಕಂಡರೆ ನನಗೂ ಅವ್ವನಿಗೂ ನಗು ತಡೆಯುತ್ತಿರಲಿಲ್ಲ. ನಾನಂತೂ ಬೇಕೆಂದೇ ತಡಮಾಡಿ ಏಳುತ್ತಿದ್ದೆ. ಮನೆಯವರು ಮಾತ್ರ ಕೂಗಬೇಕಿಲ್ಲ. ನೆಟ್ಟಗೆ ನಡೆದು ಬರುತ್ತಾರೆ, ನಾಯಿ ಬಾಲ ಅಲ್ಲಾಡಿಸುತ್ತದೆ.

ನಮ್ಮದು ಮಾಡಗ್ಯಾಳ, ಮಹಾರಾಷ್ಟ್ರದ ಗಡಿಯೊಳಗಿನ ಕನ್ನಡದ ಊರು. ಮಳೆಗಾಲದಲ್ಲಿ ಕುರಿಗಳು ಊರ ಸುತ್ತಲೇ ಮೇಯುತ್ತಿದ್ದವು. ದಸರೆ ಮುಗಿದದ್ದೇ ತಡ, ಅಪ್ಪ ಕುದುರೆಯ ಮೇಲೆ ಗಂಟುಮೂಟೆ ಹೇರಿ, ಅವ್ವನನ್ನು ಕರೆದುಕೊಂಡು, ಹಿಂಡು ಹೊಡೆದುಕೊಂಡು ಪಡುವಣಕ್ಕೆ, ಕೃಷ್ಣಾ ಹೊಳೆಯ ದಂಡೆಯ ಕಡೆಗೆ ಹೊರಡುತ್ತಿದ್ದ. ಗೊಬ್ಬರಕ್ಕೆಂದು ರೈತರು ತಮ್ಮ ಹೊಲದಲ್ಲಿ ಕುರಿ ಕೂಡಿಸಿಕೊಳ್ಳುತ್ತಿದ್ದರು. ಇಲ್ಲೆರಡು ದಿನ, ಅಲ್ಲಿ ನಾಲ್ಕು ದಿನ. ಮತ್ತೆ ಮಳೆ ಬೀಳುವ ಹೊತ್ತಿಗೆ ಊರು. ಅಲ್ಲಿಯತನಕ ಊರ ಶಾಲೆಗೆ ಹೋಗುತ್ತ ನಾನು ಆಯಿಯ ಜೊತೆ, ಅಂದರೆ ಅಪ್ಪನ ತಾಯಿಯ ಜೊತೆ, ಮನೆಯಲ್ಲಿರುತ್ತಿದ್ದೆ. ಸೂಟಿ ಬಿದ್ದರೆ ಕುರಿಯ ಹಿಂದೆ.

ನಾನು ನಾಲ್ಕನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಆಯಿ ತೀರಿಕೊಂಡಳು. ನನ್ನನ್ನು ಯಾರ ಹತ್ತಿರ ಬಿಡುವುದು ಎಂಬುದು ಆಗಲೇ ಎದ್ದ ಪ್ರಶ್ನೆ. “ಕುರಿ ಬೆನ್ನ ಹತ್ತಿ ಬರಲಿ ಬಿಡ್ರಿ, ಹೆಣ್ಣ ಹುಡುಗಿ” ಅಂದಳು ಅವ್ವ. “ನಾಕ ಅಕ್ಷರ ಬಂದಾವು, ಅವು ಮಣ್ಣಪಾಲ ಆಗಬೇಕೇನು?” ಅಂದ ಅಪ್ಪ. ಜತ್ತಿನಲ್ಲಿ ಹುಡುಗಿಯರ ಬೋರ್ಡಿಂಗ್ ಇದೆಯೆಂದು ಊರ ಮಾಸ್ತರರು ಹೇಳಿದ್ದೇ ನೆಪವಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ, ನನಗೂ ಗೊತ್ತಿಲ್ಲ.

ಬೋರ್ಡಿಂಗಿನ ಮೇಲ್ವಿಚಾರಣೆ ನೋಡುತ್ತಿದ್ದವರನ್ನು ನಾವು ಬಾಯಿ ಅನ್ನುತ್ತಿದ್ದೆವು. ಸಾಂಗಲಿ ಕಡೆಯ ವಿಧವೆ, ಮರಾಠಿ ಮಾತು, ಬಿಳಿ ಸೀರೆ. ಮೊದಲ ದಿನ ದೊಡ್ಡ ರಜಿಸ್ಟರ್ ತೆರೆದು ನನ್ನ ಹೆಸರು, ಅಪ್ಪನ ಹೆಸರು ಬರೆದುಕೊಂಡು ಪತ್ತಾ ಕೇಳಿದರು. ಅಪ್ಪ ಕೈಯಲ್ಲಿದ್ದ ಬಡಿಗೆಯನ್ನು ಒಮ್ಮೆ ನೋಡಿಕೊಂಡ.

“ಮಳಿಗಾಲದಾಗ ಮಾಡಗ್ಯಾಳ್ರಿ. ಆಮ್ಯಾಲ ಎಲ್ಲಿ ಅಂತ ಹೇಳಾಕ ಬರೂದಿಲ್ರಿ.”

ಬಾಯಿ ಅರ್ಧಕ್ಕೆ ಕೈ ನಿಲ್ಲಿಸಿದರು. ಜರೂರು ಬಿದ್ದರೆ ಕಾಗದ ಎಲ್ಲಿಗೆ ಹಾಕುವುದೆಂದು ಕೇಳಿದರು. “ಸಂತ್ಯಾಗ ಕೇಳಿದ್ರ ಗೊತ್ತಾಗತೈತ್ರಿ” ಅಂದ ಅಪ್ಪ. ಬಾಯಿ ಮಾಡಗ್ಯಾಳ ಎಂದಷ್ಟೇ ಬರೆದು ಮಸಿ ಆರಿಸಿದರು. ವರ್ಷದಲ್ಲಿ ಎಂಟು ತಿಂಗಳು ಕೀಲಿ ಬಿದ್ದಿರುವ ಮನೆಯೇ ನನ್ನ ಪತ್ತಾ ಆಯಿತು.

ಬೋರ್ಡಿಂಗೆಂದರೆ ತಗಡು ಹೊದಿಸಿದ ಉದ್ದನೆಯ ಒಂದು ಕೋಣೆ, ಹಿಂದೆ ಅಡುಗೆಮನೆ, ಬಾವಿ, ಸುತ್ತ ಮೊಳಕಾಲೆತ್ತರದ ಗೋಡೆ. ಬೇವಿನ ಮರಕ್ಕೆ ನೇತುಹಾಕಿದ ಕಬ್ಬಿಣದ ತುಂಡನ್ನು ಬಡಿದರೆ ಏಳಬೇಕು, ಬಡಿದರೆ ಉಣ್ಣಬೇಕು, ಬಡಿದರೆ ಓದಬೇಕು. ಕುರಿಗಳಿಗೆ ಇಷ್ಟು ಹೊಡೆತ ಬೇಕಾಗುತ್ತಿರಲಿಲ್ಲ. ರೊಟ್ಟಿ ನಮ್ಮ ಜೋಳದ್ದೇ ಆದರೂ ಬ್ಯಾಳಿ ಮಾತ್ರ ಬರೀ ನೀರು, ಬಾವಿಯ ತಂಗಿ. ಪ್ರಾರ್ಥನೆ ಮರಾಠಿ, ಪಾಠ ಮರಾಠಿ, ಬೈಗುಳವೂ ಮರಾಠಿ. ಊರ ಶಾಲೆಯೂ ಮರಾಠಿಯದೇ, ಅದೇನು ನನಗೆ ಹೊಸದಾಗಿರಲಿಲ್ಲ. ಹೊಸದೆಂದರೆ, ಮೂವತ್ತು ಹುಡುಗಿಯರ ನಡುವೆ ಕುಳಿತು ಉಣ್ಣುವಾಗಲೂ ಒಬ್ಬಳೇ ಉಂಡಂತೆ ಅನಿಸುತ್ತಿದ್ದದ್ದು. ಹೀಗೂ ಆಗಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ನನ್ನ ಪಕ್ಕದ ಚಾಪೆ ಸಂಖ ಊರಿನ ವ್ಯಾಪಾರಸ್ಥರ ಮಗಳದು. ಹಣೆಗೆ ವಿಭೂತಿ, ಕೊರಳಲ್ಲಿ ಬೆಳ್ಳಿಯ ಕರಡಿಗೆ, ಟ್ರಂಕಿನಲ್ಲಿ ವಾಸನೆಯ ಸಾಬೂನು. ಹದಿನೈದು ದಿನಕ್ಕೊಮ್ಮೆ ಅವಳ ಮನೆಯಿಂದ ಯಾರಾದರೂ ಬರುತ್ತಿದ್ದರು. ತಂದ ಉಂಡಿಯಲ್ಲಿ ನನಗೂ ಪಾಲು ಕೊಡುತ್ತಿದ್ದಳು. ಕೆಟ್ಟ ಹುಡುಗಿಯಲ್ಲ, ಆದರೂ ಒಂದು ದಿನ ಮೂಗು ಮುಚ್ಚಿಕೊಂಡು ಅಂದಳು: “ಬ್ಯಾಸರಾ ಮಾಡ್ಕೋಬ್ಯಾಡ, ನಿನ್ನ ಕಂಬಳಿ ಭಾಳ ಕುರಿ ವಾಸನಿ ಹೊಡೀತದ.”

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವಳ ಮೇಲೆ ಬರಬೇಕಾದದ್ದು ಕಂಬಳಿಯ ಮೇಲೆ ಬಂತು. ಹುಣಸೆಬೀಜದ ಗಂಜಿ ಕುಡಿದು ಬಿರುಸಾಗಿದ್ದ ಕರೀ ಕಂಬಳಿ ಅದು. ಅವ್ವ ತಾನು ಹೊದ್ದದ್ದನ್ನೇ ಮಡಚಿ ಕೊಟ್ಟಿದ್ದಳು. ಆ ಭಾನುವಾರ ಬಾವಿಕಟ್ಟೆಯ ಮೇಲೆ ಅದಕ್ಕೆ ಸೋಡಾ ಹಾಕಿ ನೆನೆಸಿ, ಸಾಬೂನು ತಿಕ್ಕಿ, ತುಳಿದು ತುಳಿದು ಒಗೆದೆ. ಕಪ್ಪು ನೀರು ಹರಿದು ಬೇವಿನ ಬುಡಕ್ಕೆ ಹೋಯಿತು. ಗೋಡೆಯ ಮೇಲೆ ಹರವಿದ ಕಂಬಳಿ ಸಂಜೆಯ ಹೊತ್ತಿಗೆ ಒಣಗಿತು. ತೆಗೆಯಲು ಹೋಗಿ ಮುಖ ಒತ್ತಿ ನೋಡಿದೆ. ಸಾಬೂನು. ಇನ್ನೊಂದು ತುದಿ ಹಿಡಿದು ಮೂಸಿದೆ, ಅಲ್ಲೂ ಸಾಬೂನು. ಅವ್ವನ ಬೆವರು, ಒಲೆಯ ಹೊಗೆ, ಮರಿ ಹಾಲು ಕಕ್ಕಿದ ಹುಳಿ ನಾತ, ಯಾವುದೂ ಇರಲಿಲ್ಲ. ಬೋರ್ಡಿಂಗಿಗೆ ಬಂದು ಮೂರು ತಿಂಗಳಾಗಿತ್ತು, ಒಮ್ಮೆಯೂ ಅತ್ತಿರಲಿಲ್ಲ. ಅಂದು ಗೋಡೆಗೆ ಮುಖ ಮಾಡಿ ನಿಂತು ಅತ್ತೆ. ಸಂಖದ ಹುಡುಗಿ ಬಂದು ಏನಾಯಿತೆಂದು ಕೇಳಿದಾಗ ಕಣ್ಣಲ್ಲಿ ಸೋಡಾ ಬಿತ್ತೆಂದು ಸುಳ್ಳು ಹೇಳಿದೆ.

ದಸರೆಯ ಮರುವಾರ ಅಪ್ಪ ಗೋಡೆಯ ಆಚೆ ಬಂದು ನಿಂತ. ಹಿಂಡು ಊರ ಹೊರಗೆ ದಾಟುತ್ತಿತ್ತು. ಒಳಗೆ ಬರಲು ಪುರಸೊತ್ತಿರಲಿಲ್ಲ.

“ದೀಪಾವಳಿ ಸೂಟಿಗೆ ನಾನ ಬಂದು ಕರಕೊಂಡ ಹೋಗತೀನಿ. ಬರಾಕ ಆಗಲಿಲ್ಲಂದ್ರ ಕುರಿ ಎಲ್ಲಿ ಕುಂತಾವಂತ ಸಂತ್ಯಾಗ ಹೇಳಿ ಕಳಸತೀನಿ. ಅಂಜಬ್ಯಾಡ.”

“ನಾ ಯಾಕ ಅಂಜಲಿ?” ಅಂದೆ. ಅವನು ಹೋದ ಮೇಲೆ ಧೂಳು ಎದ್ದ ಕಡೆಗೆ ಬಹಳ ಹೊತ್ತು ನೋಡುತ್ತ ನಿಂತೆ.

ಅಂದಿನಿಂದ ಸಂತೆಯ ದಿನವೇ ನನಗೆ ಟಪಾಲಿನ ದಿನ. ಅಡುಗೆ ಮಾಡುತ್ತಿದ್ದ ಮಾವಶಿಯ ಚೀಲ ಹೊರಲು ನಾನೇ ಹೋಗುತ್ತಿದ್ದೆ. ಹೆಗಲ ಮೇಲೆ ಕಂಬಳಿ ಕಂಡವರನ್ನೆಲ್ಲ ನಿಲ್ಲಿಸಿ, ಅಪ್ಪನ ಗುರುತು ಹೇಳಿ, “ನಮ್ಮ ಕುರಿ ಎಲ್ಲಿ ಕುಂತಾವ್ರಿ?” ಎಂದು ಕೇಳುತ್ತಿದ್ದೆ. ಒಂದು ವಾರ ಹಳ್ಳದ ದಂಡೆಗೆ ಅಂದರು. ಮುಂದಿನ ವಾರ ಯಾರಿಗೂ ಗೊತ್ತಿರಲಿಲ್ಲ. ಭೂಗೋಳದ ನಕಾಶೆ ತೆಗೆದು ಸಾಂಗಲಿ ಜಿಲ್ಲೆಯ ಮೇಲೆ ಬೆರಳಿಟ್ಟು ಇಲ್ಲಿರಬಹುದು, ಇಲ್ಲಿರಬಹುದು ಎಂದು ಸರಿಸುತ್ತಿದ್ದೆ.

ಸೂಟಿ ಬಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ಹೊರಟರು. ಸಂಖದವಳ ಅಣ್ಣ ಬಂಡಿ ಕಟ್ಟಿಕೊಂಡೇ ಬಂದ. ಹೋಗುವಾಗ ಅವಳು ಅರ್ಧ ಸವೆದ ವಾಸನೆಯ ಸಾಬೂನನ್ನು ನನ್ನ ಕೈಗಿಟ್ಟು, “ಹಬ್ಬದ ಜಳಕಕ್ಕ ಇರಲಿ” ಅಂದಳು. ಎರಡನೆಯ ದಿನ ಸಂಜೆಗೆ ಆ ಉದ್ದ ಕೋಣೆಯಲ್ಲಿ ನನ್ನದೊಂದೇ ಚಾಪೆ ಉಳಿಯಿತು. ಉಳಿದವು ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ನಿಂತಿದ್ದವು. ಬೆಳಿಗ್ಗೆ ಎಚ್ಚರವಾದರೆ ಕಬ್ಬಿಣ ಬಡಿಯುವವರೂ ಇಲ್ಲ. ಬೈದುಕೊಳ್ಳುತ್ತಿದ್ದ ಆ ಸದ್ದಿಗಾಗಿಯೇ ಜೀವ ಹಾತೊರೆಯಿತು. ನಾನೇ ಎದ್ದು ಹೋಗಿ ಒಂದು ಸಲ ಬಡಿದು ಬಂದೆ.

ಬಾಯಿಯೂ ಟ್ರಂಕು ಕಟ್ಟಿ ಕುಳಿತಿದ್ದರು. ನಾಳೆಯವರೆಗೆ ಸುದ್ದಿ ಬಾರದಿದ್ದರೆ ತಮ್ಮ ಜೊತೆ ಸಾಂಗಲಿಗೆ ನಡೆ, ಅಲ್ಲೇ ಹಬ್ಬ ಮಾಡು ಅಂದರು. ಒಳ್ಳೆಯ ಮಾತೇ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಇನ್ನೂರು ಕುರಿಯನ್ನು ಒಂದೊಂದಾಗಿ ಎಣಿಸುವ ಅಪ್ಪನಿಗೆ ಒಬ್ಬಳೇ ಮಗಳ ಲೆಕ್ಕ ತಪ್ಪಿತೇ? ಒಂದು ಮರಿ ಕಡಿಮೆಯಾದರೆ ಹಳ್ಳ ದಿನ್ನೆ ಹುಡುಕುವ ಮನುಷ್ಯ ಅವನು.

ಮರುದಿನ ಸಂತೆ. ಮಾವಶಿಯ ಚೀಲ ತುಂಬುವ ಮೊದಲೇ ಕುರಿ ಮಾರುವ ಕಡೆ ಓಡಿದೆ. ಎಷ್ಟು ಜನರನ್ನು ಕೇಳಿದೆನೋ. ಕೊನೆಗೆ ಟಗರಿನ ಹಗ್ಗ ಹಿಡಿದು ಚಹ ಕುಡಿಯುತ್ತಿದ್ದ ಮುದುಕನೊಬ್ಬ ನನ್ನನ್ನು ನೋಡಿ ಹಣೆ ಬಡಿದುಕೊಂಡ.

“ಅಯ್ಯ ಶಿವನ! ನಿಮ್ಮಪ್ಪ ಹೇಳಿ ಕಳಿಸ್ಯಾನವಾ. ಈ ಟಗರಿನ ಯಾಪಾರದಾಗ ಮರತೇ ಬಿಟ್ಟಿದ್ದೆ. ಕುರಿ ಈಯಾಕ ಹತ್ಯಾವು, ಬಿಟ್ಟ ಬರಾಕ ಆಗವಲ್ದು ಅವನಿಗೆ. ಶೇಗಾಂವ ದಾಟಿದ ಮ್ಯಾಲ ಎರಡ ಹುಣಚಿಗಿಡದ ಬಾವಿ ಐತಲ್ಲ, ಆ ಹೊಲದಾಗ ಕುಂತಾವು. ಲಗೂನ ಹೋಗು. ನಾಡಿದ್ದ ಅಲ್ಲೇ ಇರತಾವಂತ ಹೇಳಾಕ ಬರೂದಿಲ್ಲ.”

ಲಗೂನ ಎಂದರೆ ಎಷ್ಟು ಲಗೂನ! ಆದರೂ ಬೋರ್ಡಿಂಗಿನ ಬಾವಿಗೆ ಹೋಗಿ ಸಂಖದವಳ ಸಾಬೂನಿನಿಂದ ಜಳಕ ಮಾಡಿದೆ. ತೊಳೆದ ನೀಲಿ ಸ್ಕರ್ಟು, ಬಿಳಿ ಅಂಗಿ ಹಾಕಿಕೊಂಡೆ. ಬಾಯಿ ತಾವೇ ಕುಳಿತು ಎರಡು ಜಡೆ ಹಾಕಿ, ಕೆಂಪು ರಿಬ್ಬನ್ನು ಕಟ್ಟಿ, ಕಂಡಕ್ಟರನಿಗೆ ನಾಲ್ಕು ಸಲ ಹೇಳಿ ಎಸ್.ಟಿ. ಬಸ್ಸು ಹತ್ತಿಸಿದರು. ಅವ್ವನಿಗೆ ತೋರಿಸಬೇಕಾಗಿತ್ತು ನನಗೆ, ನಿನ್ನ ಮಗಳು ಹೇಗಾಗಿದ್ದಾಳೆ ನೋಡು ಎಂದು.

ಇಳಿದಾಗ ಹೊತ್ತು ಇಳಿಯುತ್ತಿತ್ತು. ಹುಣಸೆಮರಗಳು ರಸ್ತೆಯಿಂದಲೇ ಕಂಡವು, ಅವುಗಳ ಕೆಳಗೆ ನಮ್ಮ ಕುದುರೆ, ಬಲೆ ಕಟ್ಟಿದ ಕುರಿದಡ್ಡಿ, ಒಲೆಯ ಹೊಗೆ. ಕಂಬಳಿಯ ಗಂಟು ಕಂಕುಳಲ್ಲಿ ಹಿಡಿದು ಬದು ಹಾರಿ ನೆಟ್ಟಗೆ ನಡೆದೆ. ಇಪ್ಪತ್ತು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಕರೀ ನಾಯಿ ನೆಲ ಬಿಟ್ಟು ಬಂತು. ಹಿಂದಿನ ವರ್ಷದ ಬೇಸಿಗೆಯಲ್ಲಿ ಕಣ್ಣು ಬಿಡದ ಮರಿಯಾಗಿದ್ದಾಗ ಬಟ್ಟೆ ಅದ್ದಿ ಹಾಲು ಕುಡಿಸಿ ನಾನು ಸಾಕಿದ ನಾಯಿ ಅದು. ಬಾಲ ಅಲ್ಲಾಡಿಸಲಿಲ್ಲ. ಎರಡು ಮಾರು ದೂರದಲ್ಲಿ ನಿಂತು, ಕೂದಲು ನಿಗುರಿಸಿ, ಹಲ್ಲು ತೆರೆದು ಬೊಗಳಿತು. ನಾನು ಒಂದು ಹೆಜ್ಜೆ ಹಿಂದಿಟ್ಟೆ. ಅದು ಒಂದು ಹೆಜ್ಜೆ ಮುಂದಿಟ್ಟಿತು. ಹಾಗೇ ಹಿಂದೆ ಹಿಂದೆ ಸರಿದು ಮತ್ತೆ ಬದುವಿನ ಮೇಲೆ ಹೋಗಿ ನಿಂತೆ.

ಒಲೆಯ ಹತ್ತಿರದಿಂದ ಅವ್ವ ಎದ್ದಳು. ಇಳಿಬಿಸಿಲು ಅವಳ ಮುಖಕ್ಕೇ ಹೊಡೆಯುತ್ತಿತ್ತು. ಕೈ ಅಡ್ಡ ಹಿಡಿದು ಕೂಗಿದಳು:

“ಯಾರವಾ ನೀನು? ದಾರಿ ತಪ್ಪಿ ಬಂದೀ ಏನ? ಅಲ್ಲೇ ನಿಂದ್ರು, ನಾಯಿ ಹಿಡೀತೀನಿ!”

“ನಾನು” ಅಂದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಅಷ್ಟು ಸಿಟ್ಟು ನನಗೆ. ಅವಳೇ ಗುರುತು ಹಿಡಿಯಲಿ ಎಂದು ಹಲ್ಲು ಕಚ್ಚಿ ನಿಂತೆ. ಅವಳು ಬಂದು, ನಾಯಿಯ ಕೊರಳು ಹಿಡಿದು, ತಲೆ ಎತ್ತಿ ನೋಡಿದಳು. ಜಡೆ ನೋಡಿದಳು, ರಿಬ್ಬನ್ನು ನೋಡಿದಳು. ಆಮೇಲೆ ನನ್ನ ಮುಖ.

“ಅಯ್ಯ ನನ್ನವ್ವಾ! ಬಾಯಾಗ ಕಡಬ ಇಟ್ಕೊಂಡಿದ್ದೀ ಏನ? ‘ನಾನು’ ಅನ್ನಬಾರದಾ?”

ನಾನು ಅಳತೊಡಗಿದೆ. ಅವಳು ಒಂದು ಕೈಯಿಂದ ನನ್ನನ್ನು ಅಪ್ಪಿದಳು. ಇನ್ನೊಂದು ಕೈ ನಾಯಿ ಹಿಡಿದಿತ್ತು. ಅದು ಇನ್ನೂ ಗುರ್ರೆನ್ನುತ್ತಲೇ ಇತ್ತು. “ಸಾಬಣದ ವಾಸನಿಗೆ ಅದು ಹಂಗ ಮಾಡಾಕ ಹತ್ತೈತಿ, ಬ್ಯಾರೆ ಏನಿಲ್ಲ” ಎಂದು ತನ್ನ ಹೆಗಲ ಮೇಲಿನ ಕಂಬಳಿ ತೆಗೆದು ನನಗೆ ಹೊದಿಸಿದಳು. ನಾಯಿ ಹತ್ತಿರ ಬಂದು ಮೂಸಿತು, ಬಾಲ ಅಲ್ಲಾಡಿಸಿತು. ಅದು ಮೂಸಿದ್ದು ಕಂಬಳಿಯನ್ನು. ಅಷ್ಟು ತಿಳಿಯದಷ್ಟು ಸಣ್ಣವಳಾಗಿರಲಿಲ್ಲ ನಾನು.

ಅಪ್ಪ ಮೇವಿನಿಂದ ಹಿಂಡು ತಿರುಗಿಸಿಕೊಂಡು ಬಂದ. ಎರಡು ಕಂಕುಳಲ್ಲಿ ಎರಡು ಹಸೀ ಮರಿ. “ಬಂದೇನವಾ? ಚಲೋ ಆತು” ಅಂದ, ಮರಿಗಳನ್ನು ನನ್ನ ಕೈಗೆ ಕೊಟ್ಟು ಕುರಿ ಎಣಿಸಲು ಹೋದ. ಬೈಯಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಆ ಮರಿಗಳ ಹಸಿ ಮೈಗೆ ಒದ್ದೆಯಾಗಿ ಹೋದವು.

ಸೂಟಿ ಮುಗಿದು ಹೊರಟಾಗ ಅವ್ವ ಕಂಬಳಿ ಬದಲಿಸಿದಳು. “ನೀ ಒಗದದ್ದು ನನ್ನ ಕಡೆ ಇರಲಿ, ಮತ್ತ ಮೊದಲಿನಂಗ ಆಗತೈತಿ. ನೀ ಇದನ್ನ ಒಯ್ಯಿ.” ಒಯ್ದೆ. ಸಂಖದ ಹುಡುಗಿ ಈ ಸಲ ಆಚೆ ಮಗ್ಗುಲಿಗೆ ಹೊರಳಿ ಮಲಗಿದಳು. ನಾನು ಅದನ್ನು ನೀರಿಗೆ ಹಾಕಲಿಲ್ಲ, ಬಿಸಿಲಿಗೂ ಹಾಕಲಿಲ್ಲ. ಮಡಚಿ ಟ್ರಂಕಿನಲ್ಲಿಟ್ಟು, ಮಲಗುವಾಗ ಮಾತ್ರ ತೆಗೆಯುತ್ತಿದ್ದೆ. ಆದರೂ ಸಂಕ್ರಮಣದ ಹೊತ್ತಿಗೆ ಒಂದು ದಿನ ಮುಖ ಒತ್ತಿದರೆ ಬೋರ್ಡಿಂಗಿನ ವಾಸನೆಯಷ್ಟೇ ಇತ್ತು. ಈ ಸಲ ಬೈದುಕೊಳ್ಳಲು ಯಾರೂ ಸಿಗಲಿಲ್ಲ, ನಾನು ಕೂಡ.

ಬೇಸಿಗೆಯ ಸೂಟಿಗೆ ಕುರಿಗಳು ಹೊಳೆಯ ದಂಡೆಯ ಕಬ್ಬಿನ ಸೀಮೆಯಲ್ಲಿ ಕುಂತಿದ್ದವು. ಕೇಳಿಕೊಂಡು ಕೇಳಿಕೊಂಡು ಒಬ್ಬಳೇ ಹೋದೆ. ಬದುವಿನ ಹತ್ತಿರ ಬಂದಾಗ ದೂರದಲ್ಲಿ ಕರೀ ನಾಯಿ ಕಿವಿ ನಿಮಿರಿಸಿ ಎದ್ದು ನಿಂತಿತು. ಈ ಸಲ ಗುರುತು ಹಿಡಿಯುತ್ತಿತ್ತೋ ಏನೋ. ನಾನು ಪರೀಕ್ಷೆ ಮಾಡಲಿಲ್ಲ. ಬದುವಿನ ಮೇಲೆ ನಿಂತು, ಸ್ಕರ್ಟಿನ ಅಂಚು ಎತ್ತಿ ಹಿಡಿದು ಕೂಗಿದೆ:

“ಯವ್ವಾ, ನಾಯಿ ಹಿಡಿ!”

ಅವ್ವ ತಿರುಗಿ ನೋಡಿದಳು. ಹಿಂದೆ ಧಣಿಗಳನ್ನು ನೋಡಿ ನಗುತ್ತಿದ್ದಂತೆಯೇ ನಕ್ಕಳು. ಆಮೇಲೆ ನಗುವುದನ್ನು ನಿಲ್ಲಿಸಿ, ಎದ್ದು ಹೋಗಿ ನಾಯಿಯ ಕೊರಳಿಗೆ ಕೈ ಹಾಕಿದಳು.