ದೇವರಿಲ್ಲದ ಜಾಗ

ಬೇವೂರಿನಿಂದ ಮೂರು ಕಿಲೋಮೀಟರ್ ಆಚೆಯ ಒಂದು ಸಣ್ಣ ಊರಿನ ಶಾಲೆಯಲ್ಲಿ ಗಾಳೆಮ್ಮ ಹದಿನೆಂಟು ವರ್ಷದಿಂದ ಬಿಸಿಯೂಟ ಬೇಯಿಸುತ್ತಾಳೆ. ಮಾತು ಕಡಿಮೆ, ಕೈ ದೊಡ್ಡದು. ಇನ್ನೊಂದು ಸೌಟು ಎಂದ ಮಗುವಿಗೆ ಇಲ್ಲ ಎಂದವಳಲ್ಲ. ಹೆಡ್‌ಮಾಸ್ತರರು ಬೇಳೆ ಸಾಲದೆಂದು ಗೊಣಗಿದರೆ ಕೇಳಿಸದವಳಂತೆ ಪಾತ್ರೆ ತಿಕ್ಕುತ್ತಾಳೆ.

ಕಳೆದ ಫೆಬ್ರವರಿಯಲ್ಲಿ ಕುಷ್ಟಗಿ ಕಡೆಯ ಒಂದು ಕಾಲೇಜಿನ ಎನ್.ಎಸ್.ಎಸ್. ವಿದ್ಯಾರ್ಥಿಗಳು ಏಳು ದಿನದ ಶಿಬಿರಕ್ಕೆ ಆ ಶಾಲೆಗೆ ಬಂದರು. ಐವತ್ತು ಜನ. ಅಡುಗೆ ಗಾಳೆಮ್ಮನದು. ಶಿಬಿರದವರೆಂದರೆ ಪೊರಕೆ ಹಿಡಿದು ಫೋಟೋ ತೆಗೆಸಿಕೊಂಡು ಹೋಗುವವರು ಎಂದು ಊರಿನವರು ಕಟ್ಟೆಯ ಮೇಲೆ ಕೂತು ನಕ್ಕರು. ಆದರೆ ಈ ಹುಡುಗ ಹುಡುಗಿಯರು ಮೊಣಕಾಲುದ್ದ ಚರಂಡಿಗೆ ಇಳಿದರು, ಮುದುಕರ ಕಣ್ಣು ತೋರಿಸಲು ಡಾಕ್ಟರನ್ನು ಕರೆಸಿದರು, ಸಂಜೆ ನಾಟಕ ಆಡಿ ನಗಿಸಿದರು. ಒಳ್ಳೆಯ ಮಕ್ಕಳು. ಸಂಕಟ ಇರುವುದೇ ಅಲ್ಲಿ. ಕೆಟ್ಟವರು ಮಾಡಿದ್ದರೆ ಬೈದಾದರೂ ಹಗುರಾಗಬಹುದಿತ್ತು.

ಅವರ ಮುಂದಾಳು ಅಮೃತಾ, ಬಿ.ಎ. ಕೊನೆಯ ವರ್ಷದವಳು. ಬೆಳಗ್ಗೆ ಐದಕ್ಕೆಲ್ಲ ಅಡುಗೆ ಕೋಣೆಗೆ ಬಂದು ಈರುಳ್ಳಿ ಹೆಚ್ಚಲು ಕೂರುತ್ತಿದ್ದಳು. ಗಾಳೆಮ್ಮನನ್ನು ಮೊದಲ ದಿನವೇ ಅವ್ವ ಎಂದು ಕರೆದಳು. ಎರಡನೆಯ ದಿನ ಗಾಳೆಮ್ಮ ಮಂಡಕ್ಕಿ ಒಗ್ಗರಣೆಯ ಬಾಣಲೆ ಇಳಿಸಿ, ಕೈ ಒರೆಸಿಕೊಂಡು, ಕೇಳದೆಯೇ ಆ ಹುಡುಗಿಯ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದಳು. ಹೆಣ್ಣುಮಗಳ ತಲೆ ಬಾಚುವ ಸುಖ ಅವಳಿಗೆ ಅದೇ ಮೊದಲು.

ಹೆಣ್ಣುಮಗಳು ಇರಲಿಲ್ಲವೆಂದಲ್ಲ. ಮೂವತ್ತೊಂದು ವರ್ಷದ ಹಿಂದೆ ಚೊಚ್ಚಲ ಕೂಸು ಹೆಣ್ಣೇ ಆಗಿತ್ತು. ಹದಿಮೂರನೇ ದಿನಕ್ಕೆ ತೊಟ್ಟಿಲಿಗೆ ಹಾಕಿ ಹೆಸರಿಡುವುದಿತ್ತು, ಹನ್ನೊಂದನೇ ದಿನಕ್ಕೆ ಹೋಯಿತು. ಗಂಡ ಗೋಣೆಪ್ಪ ಅದನ್ನು ಶಾಲೆಯ ಹಿಂದಿನ ಜಾಲಿಯೊಳಗೆ ಮಣ್ಣು ಮಾಡಿ ಮೇಲೊಂದು ಚಪ್ಪಟೆ ಕಲ್ಲಿಟ್ಟು ಬಂದ. ಹೆಸರಿಡದ ಕೂಸಿಗೆ ಅತ್ತರೆ ಮುಂದಿನ ಬಸಿರು ನಿಲ್ಲುವುದಿಲ್ಲ ಎಂದಳು ಅತ್ತೆ. ಗಾಳೆಮ್ಮ ಅಳಲಿಲ್ಲ. ಮುಂದೆ ಎರಡು ಗಂಡು ಹುಟ್ಟಿ, ಬೆಳೆದು, ಅವರಿಗೂ ಗಂಡೇ ಆದವು. ತಮಗೊಬ್ಬಳು ಅಕ್ಕ ಇದ್ದಳೆಂದು ಆ ಇಬ್ಬರು ಗಂಡುಮಕ್ಕಳಿಗೆ ಇವತ್ತಿಗೂ ಗೊತ್ತಿಲ್ಲ.

ಅಮಾವಾಸ್ಯೆಗೊಮ್ಮೆ ಪುಳ್ಳೆ ಆರಿಸುವ ನೆಪದಲ್ಲಿ ಅವಳು ಜಾಲಿಯೊಳಗೆ ನುಸುಳಿ, ಕಲ್ಲಿಗೆ ಚಿಟಿಕೆ ಅರಿಶಿನ ಹಚ್ಚಿ, ಕೈಯಿಟ್ಟು ಸ್ವಲ್ಪ ಹೊತ್ತು ಕೂತು ಬರುತ್ತಿದ್ದಳು. ಬಿಸಿಯೂಟದ ಕೆಲಸಕ್ಕೆ ಸೇರಿದ್ದು ಕೂಡ, ನಿಜ ಹೇಳಬೇಕೆಂದರೆ, ಆ ಕಲ್ಲು ಹತ್ತಿರವಿದೆ ಎಂದೇ. ಗೋಣೆಪ್ಪ ತೀರಿಕೊಂಡು ಆರು ವರ್ಷ. ಆಮೇಲೆ ಆ ಕಲ್ಲು ಏನೆಂದು ಬಲ್ಲವಳು ಅವಳೊಬ್ಬಳೇ.

ಮೂರನೆಯ ದಿನ ಅಮೃತಾ ಶಾಲೆಯ ಹಿಂದೆ ಆಟದ ಬಯಲು ಮಾಡುವ ಮಾತೆತ್ತಿದಳು. ಹಿಂದಿನ ವರ್ಷ ಬೇರೊಂದು ಊರಿನಲ್ಲಿ ಇವರು ಕಸವೆಂದು ಎತ್ತಿಟ್ಟ ಕಲ್ಲು ಊರಮ್ಮನಾಗಿತ್ತಂತೆ. ಇಡೀ ಊರು ಬಡಿಗೆ ಹಿಡಿದು ನಿಂತಿತ್ತಂತೆ. ಅದಕ್ಕೇ ಹುಡುಗಿ ಮುಂಚಿತವಾಗಿ ಕೇಳಿದಳು.

"ಅವ್ವಾ, ಹಿಂದಿನ ಜಾಲಿಯೊಳಗ ದೇವರ ಕಲ್ಲು, ಗದ್ದಿಗಿ ಏನರ ಅದಾವೇನ್ರಿ?"

"ಇಲ್ಲವಾ," ಎಂದಳು ಗಾಳೆಮ್ಮ. "ಅಲ್ಲಿ ದೇವರಿಲ್ಲ."

ಸುಳ್ಳೇನಲ್ಲ. ಮೂವತ್ತೊಂದು ವರ್ಷ ನುಂಗಿಟ್ಟ ಮಾತು ಈರುಳ್ಳಿ ಹೆಚ್ಚುತ್ತಾ ಕೇಳಿದ ಕೂಡಲೇ ಬಾಯಿಗೆ ಬರುತ್ತದೆಯೇ? ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಬೇರೆ ಅನ್ನಿಸಿತು. ಅಲ್ಲದೆ ಹುಡುಗರು ಕೊಡಲಿಯಲ್ಲಿ ಕಂಟಿ ಕಡಿದಾರು, ಅಷ್ಟೇ ಎಂದುಕೊಂಡಳು. ಮುಂದಿನ ಅಮಾವಾಸ್ಯೆಗೆ ಮುಳ್ಳು ತರಚಿಸಿಕೊಳ್ಳದೆ ಕೂಸಿನ ಹತ್ತಿರ ಹೋಗಬಹುದು ಎಂದು ಒಳಗೊಳಗೇ ಹಿಗ್ಗಿದಳು ಕೂಡ.

ಮರುದಿನ ಅವಳು ಕಾಯಿಪಲ್ಲೆಗೆಂದು ಯಲಬುರ್ಗಾಕ್ಕೆ ಹೋದಳು. ಅದೇ ದಿನ ಪಂಚಾಯಿತಿ ಮೆಂಬರೊಬ್ಬರು, ಮಕ್ಕಳ ಉತ್ಸಾಹ ನೋಡಿ, ಕರೆಯದೆಯೇ ಜೆಸಿಬಿ ಕಳಿಸಿದರು. ಮಧ್ಯಾಹ್ನ ಬದನೆಕಾಯಿ ಚೀಲದೊಂದಿಗೆ ಟಂಟಂ ಆಟೋ ಇಳಿದಾಗ ಶಾಲೆಯ ಹಿಂದೆ ಜಾಲಿಯೂ ಇಲ್ಲ, ಬೇಲಿಯೂ ಇಲ್ಲ. ದಿನ್ನೆ ಕೆತ್ತಿ ತಗ್ಗು ತುಂಬಿ, ಅಂಗೈಯಂತೆ ಸಮ ಮಾಡಿದ ಕೆಂಪು ಬಯಲು. ಮೈಯೆಲ್ಲ ಧೂಳಾದ ಅಮೃತಾ ಓಡಿಬಂದು ಹೆಂಗಾಗೇತಿ ಎಂದು ಕೇಳಿದಳು. ಕಲ್ಲುಗಳೆಲ್ಲಿ ಎಂದಷ್ಟೇ ಕೇಳಿದಳು ಗಾಳೆಮ್ಮ. ಕೆಲವನ್ನು ಬಯಲಿನ ತುದಿಗೆ ಕಟ್ಟುತ್ತಿದ್ದ ವೇದಿಕೆಯ ತಳಕ್ಕೆ ತುಂಬಿದ್ದರು. ಚಂದ ಇದ್ದವನ್ನು ಧ್ವಜದ ಕಂಬದ ಸುತ್ತ ನೆಟ್ಟು, ಒಂದಕ್ಕೆ ಸುಣ್ಣ ಒಂದಕ್ಕೆ ಕೆಮ್ಮಣ್ಣು ಬಳಿದಿದ್ದರು.

ಗಾಳೆಮ್ಮ ಒಂದೊಂದೇ ಕಲ್ಲನ್ನು ಮುಟ್ಟುತ್ತಾ ಕಂಬವನ್ನು ಎರಡು ಸುತ್ತು ಬಂದಳು. ಬಣ್ಣ ಇನ್ನೂ ಹಸಿ. ತನ್ನ ಕೈ ಆ ಕಲ್ಲನ್ನು ಗುರುತಿಸುತ್ತದೆ ಎಂದೇ ನಂಬಿದ್ದಳು. ಕೈಗೆ ಸುಣ್ಣ ಹತ್ತಿತು, ಕಲ್ಲಿನ ಗುರುತು ಸಿಗಲಿಲ್ಲ. ಬಯಲಿನ ಅಂಚಿಗೆ ಬಂದು ಜಾಗವನ್ನಾದರೂ ಹುಡುಕಿದಳು. ಬೇಲಿಯಿಂದ ಎಷ್ಟು ಹೆಜ್ಜೆ, ಗೋಡೆಯಿಂದ ಎಷ್ಟು ಮಾರು, ಅವಳು ಎಂದೂ ಎಣಿಸಿದವಳಲ್ಲ. ಕಲ್ಲೊಂದು ಇತ್ತಲ್ಲ, ಎಣಿಸುವುದೇಕೆ? ಅಂದಿನ ಸಾರಿಗೆ ಉಪ್ಪು ಹಾಕಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಐವತ್ತು ಮಕ್ಕಳೂ ದಣಿದಿದ್ದರು, ಮಾತಿಲ್ಲದೆ ಉಂಡೆದ್ದರು.

ಏಳನೆಯ ದಿನ ಮಧ್ಯಾಹ್ನ ಸಮಾರೋಪ. ಬಯಲಿನ ಆಚೆ ತುದಿಗೆ ಹೊಸ ವೇದಿಕೆ, ಈಚೆಗೆ ಅಡುಗೆ ಕೋಣೆ. ಅವ್ವನಿಗೆ ಶಾಲು ಹೊದಿಸಲೇಬೇಕೆಂದು ಅಮೃತಾಳೇ ಶಿಬಿರದ ಸರ್ ಹತ್ತಿರ ಹಟ ಹಿಡಿದಿದ್ದಳು. ಮೈಕಿನಲ್ಲಿ ಹೆಸರು ಕೂಗಿದರು, ಚಪ್ಪಾಳೆ ಬಿತ್ತು. ಗಾಳೆಮ್ಮ ಬಯಲಿನ ಅಂಚಿಗೆ ಬಂದು, ಚಪ್ಪಲಿ ಕಳಚಿ, ಅಲ್ಲೇ ನಿಂತುಬಿಟ್ಟಳು. ಎರಡನೇ ಸಲ ಕೂಗಿದರು. ನಾಚಿಕೆಯೆಂದುಕೊಂಡು ಅಮೃತಾ ನಗುತ್ತಾ, ಶಾಲು ಹಿಡಿದುಕೊಂಡೇ, ಬಯಲಿಗೆ ಅಡ್ಡವಾಗಿ ಓಡಿಬಂದು ಕೈ ಹಿಡಿದಳು.

"ಎಲ್ಲಿ ಕಾಲಿಡ್ಲೆವಾ?" ಎಂದಳು ಗಾಳೆಮ್ಮ. "ಇದರಾಗ ನನ್ನ ಮಗಳು ಮಲಗ್ಯಾಳ. ಎಲ್ಲಿ ಅಂತ ಈಗ ನನಗೂ ಗೊತ್ತಿಲ್ಲ."

ಹುಡುಗಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಮುಖ ಬೂದಿಯಾಯಿತು. "ನಾ ಕೇಳಿದ್ನೆಲ್ರಿ ಅವ್ವಾ," ಎಂದಳು.

"ನೀ ದೇವರ ಕಲ್ಲು ಕೇಳಿದ್ದಿ, ತಂಗಿ. ನಿಂದೇನೂ ತಪ್ಪಿಲ್ಲ," ಎಂದು ಗಾಳೆಮ್ಮ ಅತ್ತಳು, ಅತ್ತೆ ಬೇಡವೆಂದಿದ್ದ ಅಳು, ಎಲ್ಲರೂ ನೋಡುವಂತೆ.

ಮೈಕಿನವನು ಇಬ್ಬರನ್ನೂ ಬೇಗ ಬರಬೇಕೆಂದು ಕರೆಯುತ್ತಲೇ ಇದ್ದ. ಅಮೃತಾ ತಾನು ಓಡಿಬಂದ ಬಯಲನ್ನು, ಅದರ ಮೇಲೆ ಮೂಡಿದ್ದ ತನ್ನ ಹೆಜ್ಜೆಗಳನ್ನು ನೋಡಿದಳು. ಅದರ ಮೇಲೆ ಮತ್ತೆ ಕಾಲಿಡಲು ಅವಳಿಗೂ ಆಗಲಿಲ್ಲ.