ದಿಲ್ಲಿ ನೋಡಿ ಬಂದ ರೊಟ್ಟಿ

ಚಳಿ ಶುರುವಾಗುವ ಮೊದಲು ಕೌದಿಗಳನ್ನು ಬಿಸಿಲಿಗೆ ಹಾಕೋಣವೆಂದು ಇವತ್ತು ಅವ್ವನ ಹಳೆಯ ಟ್ರಂಕು ತೆಗೆದೆ. ಎಲ್ಲಕ್ಕಿಂತ ಅಡಿಯಲ್ಲಿ ಮಡಿಚಿಟ್ಟ ಒಂದು ಅರಿವೆ ಕೈಗೆ ಸಿಕ್ಕಿತು. ಹಳದಿ ಚೌಕಳಿಯ, ಅಂಚು ಸವೆದ, ದೊಡ್ಡ ಅರಿವೆ. ಬಿಡಿಸಿದ ಕೂಡಲೇ ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯಿತು. ಅದರ ಹಿಂದೆ ಡೀಸೆಲ್, ಅದರ ಹಿಂದೆ ಎಲ್ಲೋ ಹೆಂಚಿನ ಮೇಲೆ ಸೀದ ಜೋಳದ ವಾಸನೆ. ಎಷ್ಟೋ ಸಲ ಒಗೆದ ಅರಿವೆ ಅದು, ಆದರೂ ವಾಸನೆ ಹೋಗಿರಲಿಲ್ಲ. ಅಥವಾ ಹೋಗಿತ್ತೇನೋ, ನನ್ನ ಮೂಗೇ ನೆನಪಿಟ್ಟುಕೊಂಡಿತ್ತೇನೋ... ಕೌದಿಗಳನ್ನು ಅಲ್ಲೇ ಬಿಟ್ಟು ಟ್ರಂಕಿನ ಪಕ್ಕದಲ್ಲಿ ಕೂತುಬಿಟ್ಟೆ. ಬಾಜು ಮನೆಯ ಕಾಕು ರೊಟ್ಟಿ ಗಂಟು ಕಟ್ಟುತ್ತಿದ್ದ ಅರಿವೆ ಅದು.

ಹಾಗೆ ಕೂರಲು ಇನ್ನೊಂದು ಕಾರಣವೂ ಇತ್ತು. ನಾನು ನಮ್ಮೂರ ಪಂಚಾಯಿತಿಯ ಕಸದ ಗಾಡಿ ಓಡಿಸುವವಳು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ತವರಿಗೆ ಬಂದೆ. ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಡ್ರೈವಿಂಗ್ ಕಲಿಸುತ್ತೇವೆ ಎಂದು ಪಂಚಾಯಿತಿಯವರು ಹೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನು. ಆ ಪುಟ್ಟ ಗಾಡಿ ಸಾಲದೆಂದು ಆಮೇಲೆ ದೊಡ್ಡ ಗಾಡಿಯ ಲೈಸೆನ್ಸನ್ನೂ ಮಾಡಿಸಿಕೊಂಡೆ. ಈಗ ಹುಬ್ಬಳ್ಳಿಯ ಟ್ರಾನ್ಸ್‌ಪೋರ್ಟಿನವರೊಬ್ಬರು ದೂರದ ಲಾರಿಗಳಿಗೆ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತಿದ್ದಾರೆ. ಮೊದಮೊದಲು ಹಿರಿಯ ಡ್ರೈವರರ ಜೊತೆ ಎರಡನೆಯವಳಾಗಿ ಹೋಗಬೇಕು, ಪುಣೆ, ಅಹಮದಾಬಾದ್, ದಿಲ್ಲಿ. ಬರುತ್ತೀಯೋ ಇಲ್ಲವೋ ಸೋಮವಾರದೊಳಗೆ ತಿಳಿಸು ಎಂದಿದ್ದರು. ನನಗೆ ಹೋಗುವ ಆಸೆ. ಆಸೆ ಎಂದರೆ ಸಣ್ಣ ಮಾತಾಯಿತು, ಹೊಟ್ಟೆಯಲ್ಲಿ ಹಸಿವಿನ ಹಾಗೆ ಕೂತಿತ್ತು.

ಅವ್ವನಿಗೆ ಈ ಸುದ್ದಿ ಹೇಳಿದ ದಿನದಿಂದ ಅವಳು ನನ್ನೊಂದಿಗೆ ಮಾತು ಬಿಟ್ಟಿದ್ದಳು. ಹೇಳಬೇಕಾದ್ದನ್ನೆಲ್ಲ ಮೊಮ್ಮಗಳ ಮೂಲಕ ಹೇಳಿಸುತ್ತಿದ್ದಳು. ನಾನು ಎದುರಿಗೇ ಕೂತಿದ್ದರೂ, "ನಿಮ್ಮವ್ವಗ ಉಣ್ಣಾಕ ಬಾ ಅನ್ನು" ಎನ್ನುವಳು. ಮಗಳಿಗೆ ಇದೊಂದು ಆಟ. ಅವ್ವ ಒಪ್ಪದಿದ್ದರೆ ನಾನು ಹೋಗುವ ಮಾತೇ ಇರಲಿಲ್ಲ. ಹದಿಮೂರರ ಹುಡುಗಿಯನ್ನು ಅವಳಲ್ಲದೆ ಇನ್ಯಾರ ಹತ್ತಿರ ಬಿಡಲಿ?

ಅಂಥ ಹೊತ್ತಿನಲ್ಲಿ ಈ ಅರಿವೆ ಸಿಕ್ಕಿತು.

ಕಾಕುವಿನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಕಡೆ ಅವರು ರೊಟ್ಟಿ ಬಡಿದರೆ ಈ ಕಡೆ ನಮ್ಮ ಗೋಡೆಯ ಮಾಡದಲ್ಲಿನ ಚಿಮಣಿ ಬುಡ್ಡಿ ಅಲುಗುತ್ತಿತ್ತು. ಎತ್ತರದ ಹೆಂಗಸು, ಕೈ ಉದ್ದ, ಮಾತು ಅವರ ರೊಟ್ಟಿಯಷ್ಟೇ ಖಡಕ್. ಅವರ ಗಂಡ, ನಮ್ಮೆಲ್ಲರ ಪಾಲಿಗೆ ಕಾಕಾ, ಲಾರಿ ಡ್ರೈವರ್. ಕುಂದಗೋಳದ ಕಡೆಯಿಂದ ಒಣಮೆಣಸಿನಕಾಯಿ, ನಮ್ಮ ಕಪ್ಪು ಮಣ್ಣಿನ ಎರಿ ಹೊಲಗಳ ಉಳ್ಳಾಗಡ್ಡಿ, ಅಣ್ಣಿಗೇರಿಯಿಂದ ಅರಳೆ, ಹೀಗೆ ಆಯಾ ಸುಗ್ಗಿಗೆ ತಕ್ಕ ಲೋಡು ಹೇರಿಕೊಂಡು ಹೋಗುತ್ತಿದ್ದರು. ಹೋದರೆಂದರೆ ಹೋದರು. ಆಗ ಫೋನು ಇದ್ದದ್ದು ಸಾಹುಕಾರರ ಮನೆಯಲ್ಲಿ ಮಾತ್ರ, ಅದನ್ನು ಮುಟ್ಟುವ ಧೈರ್ಯ ಓಣಿಯಲ್ಲಿ ಯಾರಿಗೂ ಇರಲಿಲ್ಲ.

ಹೊರಡುವವರನ್ನು ಎಲ್ಲಿಗೆ, ಯಾವಾಗ ಬರುತ್ತೀರಿ ಎಂದು ಕೇಳಬಾರದು. ಕೇಳಿದರೆ ಅಪಶಕುನವೆಂದು ಕಾಕಾ ಚಪ್ಪಲಿ ಬಿಚ್ಚಿ ಒಳಗೆ ಹೋಗಿ, ನೀರು ಕುಡಿದು, ಮತ್ತೆ ಹೊರಡುತ್ತಿದ್ದರು. ಹಾಗಾಗಿ ಕಾಕು ಆ ಮಾತು ಎತ್ತುತ್ತಲೇ ಇರಲಿಲ್ಲ. ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂತು ಒಂದೇ ಪ್ರಶ್ನೆ ಕೇಳುವರು.

"ಎಷ್ಟು ಕಟ್ಟಲ್ರಿ?"

ಕಾಕಾ ಬಾಯಿ ಬಿಡುತ್ತಿರಲಿಲ್ಲ. ನೆಲದ ಮೇಲೆ ಗೇಣು ಊರಿ ತೋರಿಸಿದರೆ ಪುಣೆ. ಮೊಳಕೈ ನೆಲಕ್ಕೆ ಊರಿ ಬೆರಳು ಮೇಲಕ್ಕೆ ಎತ್ತಿದರೆ ದಿಲ್ಲಿ. ಅಷ್ಟು ಎತ್ತರಕ್ಕೆ ಖಡಕ್ ರೊಟ್ಟಿ ಒಟ್ಟಬೇಕು. ಡ್ರೈವರ್ ಊಟ ಧಾಬಾದಲ್ಲಿ ಅನ್ನುತ್ತಾರೆ, ಕಾಕಾನಿಗೆ ಅದು ಒಗ್ಗುತ್ತಿರಲಿಲ್ಲ. ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ ಅಂತ ಎರಡು ಚಟ್ನಿಪುಡಿ ಇದ್ದರೆ ದೇಶವನ್ನೇ ದಾಟುತ್ತೇನೆ ಎನ್ನುವರು. ಒಮ್ಮೆ ಶಾಲೆಯಲ್ಲಿ ಗುರುಗಳು ದಿಲ್ಲಿ ನಮ್ಮೂರಿಂದ ಎಷ್ಟು ದೂರ ಎಂದು ಕೇಳಿದಾಗ ನಾನು ಎದ್ದು ನಿಂತು, "ಒಂದು ಮೊಳ ರೀ ಸರ" ಎಂದಿದ್ದೆ. ಇಡೀ ವರ್ಗ ನಕ್ಕಿತು. ನಮ್ಮ ಓಣಿಯ ಮಕ್ಕಳು ಮಾತ್ರ ನಗಲಿಲ್ಲ, ಉತ್ತರ ಸರಿಯಾಗಿತ್ತಲ್ಲ.

ಮೊಳದ ಎತ್ತರ ತೋರಿಸಿದ ದಿನ ಅವ್ವನೂ ಆ ಮನೆಗೆ ಹೋಗುತ್ತಿದ್ದಳು. ಕಾಕು ಬಡಿಯುವರು, ಅವ್ವ ಬೇಯಿಸುವಳು. ಬೆಂದ ರೊಟ್ಟಿಗಳನ್ನು ಒಲೆಯ ಸುತ್ತ ಗೋಡೆಗೆ ಒರಗಿಸಿ ನಿಲ್ಲಿಸಿದರೆ ಬೆಂಕಿಯ ಕಾವಿಗೆ ಒಣಗಿ ಗರಿಗರಿಯಾಗುತ್ತಿದ್ದವು. ಕಾಕು ಒಮ್ಮೊಮ್ಮೆ ಕಾಕಾ ತೋರಿಸಿದ್ದಕ್ಕಿಂತ ಒಂದೆರಡು ಬೆರಳು ಕಡಿಮೆ ಒಟ್ಟಿ ಗಂಟು ಕಟ್ಟಿಬಿಡುವರು. ರೊಟ್ಟಿ ತೀರಿದರೆ ಲಗೂನ ಬರುತ್ತಾರೆ ಎಂಬ ಲೆಕ್ಕ. ಕಾಕಾನಿಗೆ ಅದು ಗೊತ್ತಿತ್ತೆಂದು ನನಗನಿಸುತ್ತದೆ. ಗಂಟನ್ನು ಎತ್ತಿ ಒಂದು ಸಲ ತೂಗಿ ನೋಡಿ, ಮೀಸೆಯಲ್ಲೇ ನಕ್ಕು ಹೋಗುವರು.

ಆ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಗಂಟು ಖಾಲಿಯಾಗಿ ಮನೆಗೆ ಬರಬಾರದು. ಎಷ್ಟೇ ಹಸಿದರೂ ಕೊನೆಯ ಒಂದು ರೊಟ್ಟಿಯನ್ನು ಕಾಕಾ ತಿನ್ನದೆ ತಿರುಗಿ ತರುತ್ತಿದ್ದರು. ಲಾರಿ ಊರೊಳಗೆ ಬಂತೆಂದರೆ ನಾವು ಹುಡುಗರು ಕಾಕುವಿನ ಕಟ್ಟೆಯ ಮೇಲೆ ಸಾಲಾಗಿ ಕೂರುತ್ತಿದ್ದೆವು. ಕಾಕು ಗಂಟು ಬಿಚ್ಚಿ ಆ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಮೂಸಿ ನೋಡುವರು. ಆಮೇಲೆ ಅಪ್ಪಣೆ ಕೊಟ್ಟ ಹಾಗೆ ಹೇಳುವರು.

"ಇದು ಗುಜರಾತಕ್ಕ ಹೋಗಿತ್ತು. ಉಪ್ಪಿನ ಗಾಳಿ ಬಡದೈತಿ."

ಇನ್ನೊಮ್ಮೆ, "ದಿಲ್ಲಿ ನೋಡ್ಕೊಂಡು ಬಂದೈತಿ. ಥಂಡಿ ತಿಂದೈತಿ ಪಾಪ."

ನಿಜ ಹೇಳಬೇಕೆಂದರೆ ಎಲ್ಲ ರೊಟ್ಟಿಗೂ ಡೀಸೆಲ್ ಮತ್ತು ಮೆಣಸಿನಕಾಯಿ ವಾಸನೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಆದರೆ ಕಾಕು ಹೇಳಿದರೆ ನಮಗೂ ಉಪ್ಪಿನ ಗಾಳಿ ಹತ್ತುತ್ತಿತ್ತು. ರೊಟ್ಟಿ ಮುರಿದು ಎಲ್ಲರಿಗೂ ಒಂದೊಂದು ಚೂರು ಹಂಚುವರು, ತಾವೂ ಒಂದು ಚೂರು ಬಾಯಿಗೆ ಹಾಕಿಕೊಳ್ಳುವರು. ಉಳಿದವರು ಕಟಮ್ಮೆಂದು ಕಡಿದು ಓಡಿಹೋದರೆ ನಾನು ನನ್ನ ಚೂರನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಮೆತ್ತಗಾಗುವ ತನಕ ಕೂತಿರುತ್ತಿದ್ದೆ. ನಾನು ಅಣ್ಣಿಗೇರಿ ಸಂತೆಯ ಆಚೆ ಏನನ್ನೂ ಕಂಡವಳಲ್ಲ. ನನಗಿಂತ ಈ ರೊಟ್ಟಿಯೇ ವಾಸಿ ಅನಿಸುತ್ತಿತ್ತು... ನನ್ನ ಆಸೆ ಹುಟ್ಟಿದ್ದು ಆ ಕಟ್ಟೆಯ ಮೇಲೆಯೇ.

ಕಾಕುವಿಗೂ ಆ ಆಸೆ ಇತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅವರ ಮಗಳ ಮದುವೆಯಾಯಿತು. ಮನೆ ಭಣಭಣ ಅನ್ನುತ್ತಿತ್ತು. ಮೆಣಸಿನಕಾಯಿ ಲೋಡು ದಿಲ್ಲಿಗೆ ಹೊರಟಾಗ ಕಾಕಾ ತಾವಾಗಿಯೇ ಕರೆದರು. "ನೀನೂ ಬಾ ಒಮ್ಮೆ." ಕಾಕು ಇಳಕಲ್ ಸೀರೆ ಉಟ್ಟು, ತಲೆಗೆ ಹೂ ಮುಡಿದು, ಚೀಲ ಬಗಲಿಗೆ ಹಾಕಿಕೊಂಡು ನಿಂತರು. ಓಣಿಯ ಹೆಂಗಸರೆಲ್ಲ ಹೊರಗೆ ಬಂದಿದ್ದರು. ಕಾಕಾ ಮೇಲಿನಿಂದ ಕೈ ಕೊಟ್ಟು ಎಳೆದುಕೊಂಡರು. ಕ್ಯಾಬಿನ್ನಿನ ಕಿಟಕಿಯಲ್ಲಿ ಕಂಡ ಅವರ ಮುಖ ನನಗೆ ಇವತ್ತೂ ಕಣ್ಣಿಗೆ ಕಟ್ಟಿದೆ, ಹೊಸ ಮದುಮಗಳ ಹಾಗೆ ನಾಚಿದ್ದರು.

ಆ ದಿನ ಮಧ್ಯಾಹ್ನದ ಊಟದ ಹೊತ್ತಿಗೆ ಕಾಕು ಚೀಲ ಬಗಲಿಗೆ ಹಾಕಿಕೊಂಡು ಕ್ರಾಸಿನ ಕಡೆಯಿಂದ ಒಬ್ಬರೇ ನಡೆದು ಬಂದರು. ನಮ್ಮೂರ ದಾರಿ ಹುಬ್ಬಳ್ಳಿ ರಸ್ತೆಗೆ ಕೂಡುವ ಕ್ರಾಸದು. ಅಲ್ಲಿಯೇ ಲಾರಿ ನಿಲ್ಲಿಸಲು ಹೇಳಿ ಇಳಿದುಬಿಟ್ಟಿದ್ದರು.

"ಯಾಕ ಬೇ, ಏನಾತು?" ಎಂದಳು ಅವ್ವ.

"ನಾನೂ ಹ್ವಾದ್ರ, ತಿರುಗಿ ಬರೂ ರೊಟ್ಟಿ ಯಾರಿಗೆ ತರೂದು?" ಎಂದರು ಕಾಕು.

ಎಲ್ಲರೂ ನಕ್ಕರು. ಕಾಕುವೂ ನಕ್ಕರು. ಆಮೇಲೆ ಒಳಗೆ ಹೋಗಿ ಸೀರೆ ಬದಲಿಸಿ ಬಂದು, ಬೆಳಿಗ್ಗೆಯೇ ಗುಡಿಸಿದ್ದ ಅಂಗಳವನ್ನು ಮತ್ತೊಮ್ಮೆ ಗುಡಿಸಿದರು. ಆ ಸೀಟಿನಲ್ಲಿ ಕೂರಲು ಏನು ಬೇಕಾದರೂ ಕೊಡುತ್ತಿದ್ದ ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂದಿತ್ತು. ಹೂ ಮುಡಿದುಕೊಂಡು ಕೂತವರು ಇಳಿಯುವುದೆಂದರೇನು!

ಕಾಕಾ ಕಣ್ಣು ಮಂದವಾಗುವ ತನಕ ಲಾರಿ ಓಡಿಸಿದರು. ಆಮೇಲೆ ಕೆಲವು ವರ್ಷ ಕಟ್ಟೆಯ ಮೇಲೆ ಕೂತು ದಾರಿಹೋಕರನ್ನು ಮಾತಾಡಿಸಿದರು, ಒಂದು ಮಳೆಗಾಲ ಜ್ವರ ಬಂದು ತೀರಿಕೊಂಡರು. ನಾನು ತವರಿಗೆ ಮರಳುವ ಹೊತ್ತಿಗೆ ಕಾಕು ಒಬ್ಬರೇ ಇದ್ದರು. ನನ್ನನ್ನು ನೋಡಿ ಉಳಿದವರ ಹಾಗೆ ಸೆರಗು ಬಾಯಿಗೆ ಹಿಡಿದು ಅಳಲಿಲ್ಲ. "ಬಂದ್ಯಾ, ಬಾ" ಎಂದು ಒಂದು ಬಿಸಿ ರೊಟ್ಟಿ ಕೈಗೆ ಕೊಟ್ಟರು. ಅದಕ್ಕೇ ನನಗೆ ಅಳು ಬಂತು.

ಕಸದ ಗಾಡಿ ಕೈಗೆ ಬಂದ ಹೊಸತರಲ್ಲಿ ಊರಿನವರು ನನ್ನನ್ನು ನೋಡಿ ಬೇಕಷ್ಟು ತಮಾಷೆ ಮಾಡಿದರು. ಕಾಕು ಮಾತ್ರ ದಿನವೂ ಗಾಡಿಗೆ ಕಾಯುತ್ತಿದ್ದರು, ಬುಟ್ಟಿಯಲ್ಲಿ ನಾಲ್ಕು ಉಳ್ಳಾಗಡ್ಡಿ ಸಿಪ್ಪೆ ಇಟ್ಟುಕೊಂಡು. ಒಂದು ಬೆಳಿಗ್ಗೆ ನನ್ನ ಜೊತೆಗಾರ್ತಿ ರಜೆ ಹಾಕಿದ್ದಳು. ಬಾಜು ಸೀಟು ಖಾಲಿ ಇರುವುದನ್ನು ಕಾಕು ಕಂಡರು.

"ಇವತ್ತ ನನ್ನೂ ಹಾಕ್ಕೊಂಡು ಹೋಗು ಬೇ. ನಾನೂ ಈಗ ಕಸಾನ."

"ಹಂಗ್ಯಾಕ ಅಂತೀರಿ ಕಾಕು, ಹತ್ರಿ" ಎಂದು ಕೈ ಕೊಟ್ಟೆ.

ಕಸ ಸುರಿಯುವ ಶೆಡ್ಡು ಇರುವುದು ಕ್ರಾಸಿನ ದಾರಿಯಲ್ಲಿ. ಅಲ್ಲಿ ಗಾಡಿ ಖಾಲಿ ಮಾಡಿ ತಿರುಗಿಸಬೇಕು ಅನ್ನುವಾಗ, "ಒಂದೀಟು ಕ್ರಾಸ್ ತನಕಾ ನಡಿ" ಎಂದರು. ಹೋದೆವು. ಕ್ರಾಸಿನ ಬನ್ನಿಗಿಡದ ಹತ್ತಿರ ನಿಲ್ಲಿಸಲು ಹೇಳಿ, ಆ ಗಿಡವನ್ನೇ ನೋಡುತ್ತ ಕೂತರು.

"ಇಲ್ಲೇ ಇಳದಿದ್ದೆ ನೋಡು. ಇಳೀಬಾರದಿತ್ತು."

ಅಷ್ಟು ವರ್ಷಗಳಿಂದ ಕೇಳಬೇಕೆಂದಿದ್ದನ್ನು ಆಗ ಕೇಳಿದೆ. "ಯಾಕ ಇಳದ್ರಿ ಕಾಕು?"

"ಅಂಜಿಕಿ ಬಂತವಾ. ಅವ್ರಿಲ್ಲದ ಮನ್ಯಾಗ ಇರೂದು ರೂಢಿ ಆಗಿತ್ತು. ಅವ್ರ ಬಾಜೂಕ ಕುಂತು ಹೋಗೂದು ರೂಢಿ ಇರಲಿಲ್ಲ."

ಪಂಚಾಯಿತಿ ಗಾಡಿ ಊರ ಹದ್ದು ದಾಟುವ ಹಾಗಿಲ್ಲ. ಆದರೂ ಗಾಡಿ ತಿರುಗಿಸಲಿಲ್ಲ, ದೊಡ್ಡ ರಸ್ತೆಗೆ ಹತ್ತಿಸಿದೆ. ಕಾಕು ಎದುರಿನ ಸರಳನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಕಾಲುವೆಯ ಸೇತುವೆಯ ತನಕ ಹೋದೆವು. ಸೊಲ್ಲಾಪುರದ ಕಡೆಯ ಲಾರಿಗಳು ಪಕ್ಕದಲ್ಲಿ ಹಾದರೆ ನಮ್ಮ ಗಾಡಿ ಥರಗುಟ್ಟುತ್ತಿತ್ತು. ಸೆರಗು ಹಾರಿ ನನ್ನ ಮುಖಕ್ಕೆ ಬಡಿಯುತ್ತಿತ್ತು, ಅವರು ಅದನ್ನು ಎಳೆದುಕೊಳ್ಳಲಿಲ್ಲ. ಒಂದೊಂದು ಲಾರಿಯನ್ನೂ ಅದು ಕಣ್ಮರೆಯಾಗುವ ತನಕ ನೋಡಿದರು.

"ಇಷ್ಟು ದೊಡ್ಡವು ನಿನಗ ಹೊಡ್ಯಾಕ ಬರ್ತಾವೇನು?"

"ಕಲತ್ರ ಬರ್ತಾವ್ರಿ."

"ಹಂಗಾರ ಕಲಿ" ಎಂದರು. ಇನ್ನೂ ಎರಡು ಲಾರಿ ಹಾದ ಮೇಲೆ, "ಸಾಕು, ತಿರುಗಿಸು. ಹಾಲಿನಾಕಿ ಬರೂ ಹೊತ್ತಾತು" ಎಂದರು.

ನಾನು ಕಲಿತೆ. ಆದರೆ ಲೈಸೆನ್ಸ್ ಕೈಗೆ ಬರುವ ಮೊದಲೇ, ಹೋದ ಶ್ರಾವಣದಲ್ಲಿ, ಕಾಕು ಹೋಗಿಬಿಟ್ಟರು. ಮಲಗಿದವರು ಏಳಲಿಲ್ಲ. ಅವರ ಮಗಳು ಬಂದು ಮನೆ ಖಾಲಿ ಮಾಡುವಾಗ ಈ ಅರಿವೆಯನ್ನು ಅವ್ವನಿಗೆ ಕೊಟ್ಟು ಹೋಗಿದ್ದಳು. ಅವ್ವ ಅದನ್ನು ನನಗೆ ಹೇಳದೆ ಟ್ರಂಕಿನಲ್ಲಿಟ್ಟಿದ್ದಳು. ಈಗ ಗೋಡೆಯ ಆ ಕಡೆ ಸದ್ದಿಲ್ಲ. ಬೆಳಿಗ್ಗೆ ಗಾಡಿ ತೆಗೆದುಕೊಂಡು ಹೋಗುವಾಗ ಆ ಬಾಗಿಲ ಮುಂದೆ ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ...

ಅರಿವೆಯನ್ನು ಮಡಿಲಲ್ಲಿ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಅವ್ವ ಬಾಗಿಲಲ್ಲಿ ಬಂದು ನಿಂತಳು. ನನ್ನನ್ನು ನೋಡಿದಳು, ಅರಿವೆಯನ್ನು ನೋಡಿದಳು. ಹತ್ತಿರ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಝಾಡಿಸಿ ಹೆಗಲ ಮೇಲೆ ಹಾಕಿಕೊಂಡಳು. ನನ್ನ ಮಗಳು ಅಲ್ಲೇ ಇದ್ದಳು, ಅಜ್ಜಿ ಏನು ಹೇಳಿಸುತ್ತಾಳೋ ಎಂದು ಕಾಯುತ್ತ. ಅವ್ವ ಅವಳ ಕಡೆ ನೋಡಲಿಲ್ಲ. ಅಷ್ಟು ದಿನಗಳ ಮೇಲೆ ನನ್ನನ್ನೇ ಕೇಳಿದಳು.

"ಎಷ್ಟು ಕಟ್ಟಲಿ?"

ಕೂತಲ್ಲೇ ಮೊಳಕೈ ನೆಲಕ್ಕೆ ಊರಿ ಬೆರಳುಗಳನ್ನು ಮೇಲಕ್ಕೆ ಎತ್ತಿದೆ. ಅವ್ವ ಆ ಬೆರಳ ತುದಿಯನ್ನು ಬಹಳ ಹೊತ್ತು ನೋಡಿದಳು.

"ಹಿಟ್ಟು ಸಾಲೂದಿಲ್ಲ. ಗಿರಣಿಗೆ ಹೋಗಿ ಬಾ" ಎಂದು ಒಳಗೆ ಹೋದಳು.

ಈಗ ಗಿರಣಿಯ ಮುಂದೆ ಜೋಳದ ಡಬ್ಬಿ ಸರದಿಗೆ ಇಟ್ಟು ಕೂತಿದ್ದೇನೆ. ಸೋಮವಾರ ಹುಬ್ಬಳ್ಳಿಗೆ ಹೋಗಿ, ಲಾರಿಗೆ ಬರುತ್ತೇನೆಂದು ಹೇಳುವವಳಿದ್ದೇನೆ. ಬನ್ನಿಗಿಡದ ಹತ್ತಿರ ಇಳಿಯುವವಳಲ್ಲ ನಾನು. ಒಂದು ರೊಟ್ಟಿಯನ್ನು ತಿನ್ನದೆ ತಿರುಗಿ ತರುತ್ತೇನೆ, ಅದನ್ನು ಮುರಿದು ಅವ್ವನಿಗೂ ಮಗಳಿಗೂ ಕೊಡುತ್ತೇನೆ. ಆದರೆ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಮೂಸಿ, ನಾನು ಎಲ್ಲಿಗೆ ಹೋಗಿ ಬಂದೆ ಎಂದು ಹೇಳುವವರು ಈಗ ನಮ್ಮ ಓಣಿಯಲ್ಲಿ ಯಾರೂ ಇಲ್ಲ.